ಇಗರ್ಜಿಯೂ ಅದರ ಮನೆಗಳೂ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಸಂಚರಿಸುವವರಿಗೆ, ಬೈಲಿನ ಅಂಚಿನಲ್ಲಿಯೋ ಗುಡ್ಡೆಯ ನೆತ್ತಿಯಲ್ಲಿಯೋ ಬೆಳ್ಳಗಿನ ಮುಖದ ಒಂದು ಕಟ್ಟಡವೂ, ಅದರ ಅಂಗಳದಲ್ಲಿ ಒಂದು ಶಿಲುಬೆಯೂ, ಮಗ್ಗುಲಲ್ಲಿ ಒಂದು ಶಾಲೆಯೂ, ಸ್ವಲ್ಪ ದೂರದಲ್ಲಿ ಗೋಡೆ ಕಟ್ಟಿದ ಸ್ಮಶಾನವೂ ಕಾಣಸಿಗುವುದು ಸಾಮಾನ್ಯ. 'ಅದು ಕ್ರಿಸ್ತಾನರ ಇಗರ್ಜಿ' ಎಂದು ಹೇಳಿ ಜನರು ಮುಂದೆ ಸಾಗುತ್ತಾರೆ. ನಮ್ಮ ಶಾಲೆಯಲ್ಲಿ ನಾನಾ ಮತದ ಹುಡುಗಿಯರು ಒಂದೇ ಬೆಂಚಿನಲ್ಲಿ ಕುಳಿತು ಓದುವುದುಂಟು. ಕಥೋಲಿಕ ಹುಡುಗಿಯೊಬ್ಬಳು ಹಣೆಯಲ್ಲಿ ಬೂದಿಯ ಗುರುತಿಟ್ಟುಕೊಂಡು ತರಗತಿಗೆ ಬಂದಾಗ, ಅಥವಾ ಸೆಪ್ಟೆಂಬರದ ಮೊದಲ ವಾರದಲ್ಲಿ ಬುಟ್ಟಿ ತುಂಬ ಹೂವು ಕೊಯ್ದು ಓಡುವಾಗ, ಗೆಳತಿಯರು ಕಾರಣ ಕೇಳಿದರೆ ಆಕೆ ಕೊಡುವ ಉತ್ತರ 'ನಮ್ಮಲ್ಲಿ ಹಾಗೆ ಉಂಟು' ಎಂಬಷ್ಟೇ. ಆ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಹೇಳುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ. ದೊಡ್ಡ ಪೇಟೆಗಳ ಪ್ರಸಿದ್ಧ ದೇವಾಲಯಗಳನ್ನು ಬಿಟ್ಟು, ನೂರು ಇನ್ನೂರು ಮನೆಗಳುಳ್ಳ ಹಳ್ಳಿಯ ಇಗರ್ಜಿಯನ್ನೇ ನಾವು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ.

'ಇಗರ್ಜಿ' ಎಂಬುದು ಪೋರ್ತುಗೀಸ್ ಭಾಷೆಯಿಂದ ಕೊಂಕಣಿಗೆ ಬಂದು ಕನ್ನಡದವರ ಬಾಯಲ್ಲಿಯೂ ನೆಲೆಸಿದ ಶಬ್ದ. ಅದು ಕಟ್ಟಡದ ಹೆಸರು. ಆ ಕಟ್ಟಡಕ್ಕೆ ಸೇರಿದ ಮನೆಗಳ ಸಮೂಹಕ್ಕೆ ಕೊಂಕಣಿಯಲ್ಲಿ 'ಫಿರ್ಗಜ್' ಎನ್ನುತ್ತಾರೆ. ಕನ್ನಡದಲ್ಲಿ ಈಗ 'ಧರ್ಮಕೇಂದ್ರ' ಎಂಬ ಮಾತು ರೂಢಿಗೆ ಬಂದಿದೆ. 1983ರಲ್ಲಿ ಪ್ರಕಟವಾದ ಕಥೋಲಿಕ ಸಭೆಯ ಕಾನೂನು ಸಂಹಿತೆಯೂ ಧರ್ಮಕೇಂದ್ರವೆಂದರೆ ಮೊದಲಾಗಿ ವಿಶ್ವಾಸಿಗಳ ಒಂದು ಸ್ಥಿರವಾದ ಸಮುದಾಯವೆಂದೇ ಹೇಳುತ್ತದೆ. ಗೋಡೆ ಮಾಡುಗಳ ಮಾತು ಆಮೇಲಿನದು. ಸಾಧಾರಣವಾಗಿ ಇದಕ್ಕೆ ನೆಲದ ಗಡಿಯುಂಟು. ಇಂಥ ಹೊಳೆಯಿಂದ ಇಂಥ ಗುಡ್ಡೆಯವರೆಗೆ ವಾಸಿಸುವ ಕಥೋಲಿಕರೆಲ್ಲರೂ ಇಂಥ ಇಗರ್ಜಿಗೆ ಸೇರಿದವರು. ತನಗೆ ಇಷ್ಟವಾದ ಪಾದ್ರಿಗಳನ್ನೋ ಒಳ್ಳೆಯ ಗಾಯನವನ್ನೋ ಹುಡುಕಿ ಬೇರೆ ಕಡೆ ಪೂಜೆಗೆ ಹೋಗಲು ಅಡ್ಡಿಯಿಲ್ಲ. ಆದರೆ ಲೆಕ್ಕಕ್ಕೆ ಅವನು ತನ್ನ ಗಡಿಯವನೇ. ಒಲಿದವರೊಡನೆ ಮಾತ್ರವಲ್ಲ, ಬೇಲಿಯ ತಂಟೆಯಲ್ಲಿ ಮಾತು ಬಿಟ್ಟ ನೆರೆಯವನೊಡನೆಯೂ ಒಂದೇ ಕಡೆ ಮೊಣಕಾಲೂರಬೇಕಾಗುತ್ತದೆ. ಈ ಏರ್ಪಾಡಿನ ಗುಣವೂ ಕಷ್ಟವೂ ಇದರಲ್ಲಿಯೇ ಅಡಗಿದೆ.

ಇಗರ್ಜಿಯ ಕಪಾಟಿನಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕಗಳಿರುತ್ತವೆ. 16ನೆಯ ಶತಮಾನದ ತ್ರೆಂತ್ ಮಹಾಸಭೆಯ ಕಾಲದಿಂದ ಜ್ಞಾನಸ್ನಾನ ಮದುವೆಗಳನ್ನು ಹೀಗೆ ಬರೆದಿಡಬೇಕೆಂಬುದು ಕಟ್ಟಳೆ. ಒಬ್ಬಳು ಹುಟ್ಟಿ ಜ್ಞಾನಸ್ನಾನ ಪಡೆದ ಸಾಲಿನ ಪಕ್ಕದಲ್ಲಿಯೇ, ಎಷ್ಟೋ ವರ್ಷಗಳ ನಂತರ, ಆಕೆಯ ಮದುವೆಯ ವಿವರವೂ ಸೇರುತ್ತದೆ. ಮದುವೆಯು ದೂರದ ಊರಿನಲ್ಲಿ ನಡೆದರೂ ಅಲ್ಲಿಂದ ಸುದ್ದಿ ಬರತಕ್ಕದ್ದು. ಜ್ಞಾನಸ್ನಾನದ ಪ್ರತಿಯನ್ನು ಬೇಡಿ ಪರದೇಶದಿಂದ ಕಾಗದ ಬರೆಯುವವರು ಈಗಲೂ ಉಂಟು.

ಈ ಮನೆಗಳ ಹೊಣೆ ಹೊತ್ತವರು ಕೊಂಕಣಿಯಲ್ಲಿ 'ವಿಗಾರ್' ಎಂದು ಕರೆಯಲ್ಪಡುವ ಪಾದ್ರಿಗಳು. ಅವರನ್ನು ಬಿಷಪರು ನೇಮಿಸುತ್ತಾರೆ, ಕೆಲವು ವರ್ಷಗಳಾದ ಮೇಲೆ ಬೇರೆಡೆಗೆ ಕಳುಹಿಸುತ್ತಾರೆ. ಅವರ ಕರ್ತವ್ಯಗಳಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದುಂಟು: ಪ್ರತಿ ಆದಿತ್ಯವಾರವೂ ಕಡ್ಡಾಯದ ಹಬ್ಬಗಳಲ್ಲಿಯೂ ಒಂದು ಬಲಿಪೂಜೆಯನ್ನು ಅವರು ತಮ್ಮ ಧರ್ಮಕೇಂದ್ರದ ಜನರೆಲ್ಲರಿಗಾಗಿ ಅರ್ಪಿಸಬೇಕು. ಅದಕ್ಕೆ ಯಾರಿಂದಲೂ ಕಾಣಿಕೆ ತೆಗೆದುಕೊಳ್ಳುವಂತಿಲ್ಲ. ಪೂಜೆಗೆ ಎಂದೂ ಬಾರದವನ ಹೆಸರೂ ಆ ಪ್ರಾರ್ಥನೆಯೊಳಗೆ ಸೇರಿಯೇ ಇರುತ್ತದೆ.

ಪಾದ್ರಿಗಳು ಬಂದು ಹೋಗುವವರಾದುದರಿಂದ, ಊರಿನಲ್ಲಿ ನಿಲ್ಲುವ ಬೇರೊಂದು ಆಧಾರವು ಬೇಕಷ್ಟೆ. ಮನೆಗಳನ್ನು 'ವಾಡೊ' ಎಂಬ ಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ 'ಗುರ್ಕಾರ'ನನ್ನು ಇರಿಸಿದ್ದಾರೆ. ಈ ಶಬ್ದವು ಪೋರ್ತುಗೀಸ್ ಅಲ್ಲ, ನಮ್ಮದೇ 'ಗುರಿಕಾರ'. ನಮ್ಮ ಮೊಗವೀರ ಗೆಳತಿಯರ ಊರುಗಳಲ್ಲಿಯೂ ಗುರಿಕಾರರಿದ್ದಾರೆಂಬುದನ್ನು ನೆನೆದರೆ, ಪರದೇಶದ ಮತವೆಂದು ಕೆಲವರು ಎಣಿಸುವ ಈ ಸಮುದಾಯವು ತನ್ನನ್ನು ಆಳಿಕೊಳ್ಳಲು ಎಲ್ಲಿಂದ ಮಾದರಿಯನ್ನು ತೆಗೆದುಕೊಂಡಿತೆಂದು ತಿಳಿದೀತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳ ಮದುವೆಗೆ ಹಣ ಸಾಲದು, ಯಾವ ಅಣ್ಣ ತಮ್ಮಂದಿರಲ್ಲಿ ಪಾಲಿನ ಜಗಳ, ಯಾವ ಮುದುಕಿ ಒಬ್ಬಳೇ ಇದ್ದಾಳೆ, ಇವೆಲ್ಲವನ್ನೂ ಗುರ್ಕಾರನು ತಿಳಿದಿರಬೇಕು. ರೋಗಿಗೆ ಅಭ್ಯಂಗ ಕೊಡಲು ಪಾದ್ರಿಗಳನ್ನು ಕರೆತರುವವನು ಅವನು. ಹಬ್ಬಕ್ಕೆ ವಂತಿಗೆ ಕೂಡಿಸುವವನೂ ಅವನೇ. ಸಂಬಳವಿಲ್ಲ. ಬೈಗುಳಕ್ಕೆ ಮಾತ್ರ ಕೊರತೆಯಿಲ್ಲ.

ಈ ಪದವಿಯ ಬೆಲೆಯನ್ನು ಅರಿಯಲು ಇತಿಹಾಸದ ಕಡೆ ಒಮ್ಮೆ ತಿರುಗಬೇಕು. 1784ರಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಿಂದ ಕರಾವಳಿಯ ಕಥೋಲಿಕರು ಸಾವಿರಾರು ಸಂಖ್ಯೆಯಲ್ಲಿ ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಬಹುತೇಕ ಇಗರ್ಜಿಗಳು ನೆಲಸಮವಾದವು. ಪಾದ್ರಿಗಳನ್ನು ನಾಡಿನಿಂದ ಹೊರಡಿಸಲಾಯಿತು. ಸೆರೆಯಾದವರ ಸಂಖ್ಯೆಯ ವಿಷಯದಲ್ಲಿಯೂ, ಸುಲ್ತಾನನ ಉದ್ದೇಶದ ವಿಷಯದಲ್ಲಿಯೂ ಇತಿಹಾಸಕಾರರಲ್ಲಿ ವಾದವಿದೆ; ಆ ವಾದವನ್ನು ಇಲ್ಲಿ ಎತ್ತುವುದು ನಮ್ಮ ಕೆಲಸವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ನಡುವಣ ಹದಿನೈದು ವರ್ಷಗಳಲ್ಲಿ ಕಟ್ಟಡವಿರಲಿಲ್ಲ, ಗಂಟೆಯಿರಲಿಲ್ಲ, ಬಲಿಪೂಜೆಯನ್ನು ಅರ್ಪಿಸುವವರೂ ಇರಲಿಲ್ಲ. ಆದರೂ ಹಿಂದಿರುಗಿದವರು ತಮ್ಮ ಜಪಗಳನ್ನೂ ಸಂಬಂಧಗಳನ್ನೂ ಮರೆತಿರಲಿಲ್ಲ. ಹಳೆಯ ನಿವೇಶನಗಳಲ್ಲಿ ಮತ್ತೆ ಇಗರ್ಜಿಗಳು ಎದ್ದವು. ಅವಶ್ಯ ಬಿದ್ದಾಗ ಯಾರು ಬೇಕಾದರೂ, ಹೆಂಗಸಾದರೂ ಸಹ, ನೀರೆರೆದು ಜ್ಞಾನಸ್ನಾನ ಕೊಡಬಹುದೆಂಬುದು ಸಭೆಯ ಪುರಾತನ ನಿಯಮ. ಮನೆಯ ಹಿರಿಯರ ಬಾಯಿಯಿಂದ ಮಕ್ಕಳ ಕಿವಿಗೆ ಜಪವು ದಾಟದೆ ಇದ್ದಿದ್ದರೆ, 1799ರಲ್ಲಿ ಮರಳಿ ಬರಲು ಒಂದು ಸಮುದಾಯವೇ ಇರುತ್ತಿರಲಿಲ್ಲವೆಂದು ನಾವು ತಿಳಿಯುತ್ತೇವೆ.

ಮನೆಯ ಜಪವೆಂದರೆ ಕೊಂಕಣಿಯಲ್ಲಿ 'ತೇರ್ಸ್', ಅಂದರೆ ಜಪಸರದ ಪ್ರಾರ್ಥನೆ. ದಿನಕ್ಕೆ ಮೂರು ಸಲ, ಮುಂಜಾನೆ, ಮಧ್ಯಾಹ್ನ, ಸಾಯಂಕಾಲ, ಇಗರ್ಜಿಯ ಗಂಟೆಯು ದೇವದೂತನು ಮರಿಯಮ್ಮನವರಿಗೆ ತಂದ ಸಂದೇಶದ ನೆನಪಿಗಾಗಿ ಹೊಡೆಯುತ್ತದೆ. ಗದ್ದೆಯಲ್ಲಿ ನೇಜಿ ನೆಡುವವರೂ ಗಂಟೆ ಕೇಳಿ ಸೊಂಟ ನೆಟ್ಟಗೆ ಮಾಡಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಗಡಿಯಾರವಿಲ್ಲದ ನೆರೆಮನೆಯ ಹಿಂದೂಗಳು ಅದೇ ಗಂಟೆಗೆ ಒಲೆ ಹಚ್ಚುತ್ತಿದ್ದರು. ಸಂಜೆಯ ಗಂಟೆಯಾದ ಮೇಲೆ ಮನೆಮಂದಿಯೆಲ್ಲ ದೇವರ ಪಟದ ಮುಂದೆ ಕೂಡಿ ಜಪಸರ ಹೇಳುತ್ತಾರೆ. ಅದು ಮುಗಿದೊಡನೆ ಕಿರಿಯರು ಹಿರಿಯರೊಬ್ಬೊಬ್ಬರ ಮುಂದೆ ನಿಂತು ಕೈಮುಗಿದು 'ಬೆಸಾಂವ್' ಬೇಡುವುದು ಪದ್ಧತಿ. ಬೆಸಾಂವ್ ಎಂದರೆ ಆಶೀರ್ವಾದ. ಹಗಲೆಲ್ಲ ಜಗಳವಾಡಿದ ಅತ್ತೆ ಸೊಸೆಯರೂ ಆ ಹೊತ್ತಿನಲ್ಲಿ ಎದುರು ಬದುರಾಗಬೇಕು. ದೂರದರ್ಶನದ ಧಾರಾವಾಹಿಗಳು ಬಂದ ಮೇಲೆ ಈ ಜಪದ ಹೊತ್ತು ಹಿಂದೆ ಮುಂದೆ ಆಗಿರುವುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಆದಿತ್ಯವಾರದ ಬಲಿಪೂಜೆಯೇ ಇಗರ್ಜಿಯ ಹೃದಯ. ಮೊದಲು ಪಾಪಗಳಿಗಾಗಿ ಕ್ಷಮೆ ಬೇಡುವುದು, ಆಮೇಲೆ ವೇದವಾಚನ ಮತ್ತು ಪ್ರಸಂಗ, ಅನಂತರ ರೊಟ್ಟಿ ದ್ರಾಕ್ಷಾರಸಗಳ ಅರ್ಪಣೆ, ಕಡೆಗೆ ಪರಮ ಪ್ರಸಾದ. ಆ ರೊಟ್ಟಿಯೂ ರಸವೂ ಕ್ರಿಸ್ತಸ್ವಾಮಿಯ ಶರೀರವೂ ರಕ್ತವೂ ಆಗುತ್ತವೆಂಬುದು ಕಥೋಲಿಕರ ನಂಬಿಕೆ. 1960ರ ದಶಕದ ನಡುವಿನವರೆಗೂ ಈ ಪೂಜೆ ನಡೆಯುತ್ತಿದ್ದುದು ಲತೀನಿನಲ್ಲಿ. ಪಾದ್ರಿಗಳು ಜನರಿಗೆ ಬೆನ್ನು ತಿರುಗಿಸಿ, ಜನರಂತೆಯೇ ಬಲಿಪೀಠದ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಪ್ರಸಂಗವೂ ಕೆಲವು ಗೀತಗಳೂ ಮಾತ್ರ ಕೊಂಕಣಿಯಲ್ಲಿ. ಅಜ್ಜಿಯಂದಿರು ಅರ್ಥ ತಿಳಿಯದ ಲತೀನ್ ಮಾತುಗಳನ್ನು ತಪ್ಪಿಲ್ಲದೆ ಉತ್ತರಿಸುತ್ತಿದ್ದರು, ಅಥವಾ ಪೂಜೆಯ ನಡುವೆ ತಮ್ಮಷ್ಟಕ್ಕೆ ಜಪಸರ ಎಣಿಸುತ್ತಿದ್ದರು. 1962ರಿಂದ 1965ರವರೆಗೆ ಕೂಡಿದ ಎರಡನೆಯ ವತಿಕಾನ್ ಮಹಾಸಭೆಯು 1963ರ ಡಿಸೆಂಬರ 4ರಂದು ಆರಾಧನೆಯ ಕುರಿತಾದ ಶಾಸನವನ್ನು ಹೊರಡಿಸಿ, ಜನರ ಭಾಷೆಗೆ ಬಾಗಿಲು ತೆರೆಯಿತು. ಅಂದಿನಿಂದ ಕರಾವಳಿಯಲ್ಲಿ ಹೆಚ್ಚಾಗಿ ಕೊಂಕಣಿಯಲ್ಲಿಯೂ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕನ್ನಡದಲ್ಲಿಯೂ ಪೂಜೆ ನಡೆಯತೊಡಗಿತು. ಲತೀನಿನ ಗಾಂಭೀರ್ಯವು ಹೋಯಿತೆಂದು ಮರುಗುವ ಹಿರಿಯರಿದ್ದಾರೆ. ಗಾಯನದ ವಿಷಯದಲ್ಲಿ ಅವರ ಮಾತು ಸುಳ್ಳಲ್ಲ. ಆದರೆ ತಾನು ಹೇಳುತ್ತಿರುವುದೇನೆಂದು ಹೇಳುವವಳಿಗೇ ತಿಳಿಯುವುದು ಸಣ್ಣ ಲಾಭವಲ್ಲ.

ಹಬ್ಬಗಳಲ್ಲಿ ನಮ್ಮ ವಾಚಕರಿಗೆ ಹೆಚ್ಚು ಪರಿಚಿತವಾದುದು ಸೆಪ್ಟೆಂಬರ 8ರ ಮೊಂತಿ ಹಬ್ಬ, ಕನ್ನಡದಲ್ಲಿ ತೆನೆ ಹಬ್ಬ. ಲೋಕದ ಕಥೋಲಿಕರೆಲ್ಲರಿಗೂ ಅದು ಮರಿಯಮ್ಮನವರ ಜನ್ಮದಿನ; ಕರಾವಳಿಯವರಿಗೆ ಅದರೊಡನೆ ಹೊಸ ಬೆಳೆಯ ಹಬ್ಬವೂ ಹೌದು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವೆಯಿಂದ ಬಂದ ಜೋಕಿಂ ಮಿರಾಂದಾ ಎಂಬ ಪಾದ್ರಿಗಳು 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. 'ಮೊಂತೆ' ಎಂದರೆ ಗುಡ್ಡ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಬರುತ್ತಾರೆ, ಗೀತ ಹಾಡುತ್ತ ಬಾಲಮರಿಯಳ ಪ್ರತಿಮೆಗೆ ಹೂವೆರಚುತ್ತಾರೆ. ಮಳೆಗಾಲದ ಕೊನೆಯಾದುದರಿಂದ ಗೋರಂಟೆ, ದಾಸವಾಳ, ಬೇಲಿಯ ಕಾಡುಹೂವು, ಯಾವುದಾದರೂ ಸರಿಯೆ. ಸಿಕ್ಕದಿದ್ದಾಗ ನೆರೆಯವರ ಅಂಗಳಕ್ಕೆ ನುಗ್ಗುವುದೂ ಉಂಟು. ಈ ಒಂಬತ್ತು ದಿನ ಹೂವಿಗೆ ಬೈಯದ ನೆರೆಯವರು ಅನೇಕರಿದ್ದಾರೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು.

ಹಬ್ಬದ ದಿನ ಭತ್ತದ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದು ಮನೆಗಿಷ್ಟು ಎಂದು ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮನೆಯ ಯಜಮಾನನು ತೆನೆಯನ್ನು ದೇವರ ಪಟದ ಮುಂದಿಟ್ಟು ಜಪ ಹೇಳಿ, ಕೆಲವು ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರಸಿ ಎಲ್ಲರಿಗೂ ಕೊಡುತ್ತಾನೆ. ಆಮೇಲೆ ಬಾಳೆಯೆಲೆಯ ಮೇಲೆ ಊಟ. ಆ ದಿನ ಮೀನು ಮಾಂಸ ಸಲ್ಲದು. ತರಕಾರಿಯ ಪದಾರ್ಥಗಳು ಮೂರು, ಐದು, ಏಳು, ಹೀಗೆ ಬೆಸಸಂಖ್ಯೆಯಲ್ಲಿರಬೇಕು. ಮೀನಿಲ್ಲದೆ ಅನ್ನವಿಳಿಯದ ಮನೆಗಳಲ್ಲಿಯೂ ಈ ಕಟ್ಟಳೆ ಮುರಿಯುವುದಿಲ್ಲ. ತುಳುನಾಡಿನ ಹೊಸ ಅಕ್ಕಿ ಊಟವನ್ನು ಬಲ್ಲವರಿಗೆ ಇದರ ನಂಟು ಯಾರೊಡನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದ ಮಕ್ಕಳಿಗೆ ಆಶೀರ್ವದಿಸಿದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ತಾಯಂದಿರು ಬಹುಮಂದಿ. ಆ ಎರಡು ಕಾಳು ತಲುಪಿದ ಮೇಲೆಯೇ ಅವರ ಲೆಕ್ಕದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಉಂಡಂತೆ.

ಇಗರ್ಜಿಯ ವಾರ್ಷಿಕ ಹಬ್ಬ ಬೇರೆ. ಅದರ ಹಿಂದಣ ಆದಿತ್ಯವಾರವನ್ನು ಅನೇಕ ಕಡೆ 'ಭ್ರಾತೃತ್ವದ ಭಾನುವಾರ'ವೆಂದು ಆಚರಿಸಿ, ಪರಮ ಪ್ರಸಾದವನ್ನು ಮೆರವಣಿಗೆಯಲ್ಲಿ ಕೊಂಡೊಯ್ಯುತ್ತಾರೆ. ಹೆಸರು ಭ್ರಾತೃತ್ವವಾದರೂ, ಹಿಂದಿನ ಕಾಲದಲ್ಲಿ ಮೆರವಣಿಗೆಯಲ್ಲಿ ಯಾರು ಮುಂದೆ, ಕೊಡೆ ಯಾರ ಕೈಯಲ್ಲಿ, ಮೊದಲ ಬೆಂಚು ಯಾವ ಮನೆತನಕ್ಕೆ ಎಂಬ ಲೆಕ್ಕಗಳು ಬಲವಾಗಿದ್ದವು. ಮತಾಂತರದಿಂದ ಜಾತಿ ಕಳೆದುಹೋಗಲಿಲ್ಲ. ಬಾಮಣ, ಚಾರಡಿ, ಸುದಿರ ಎಂಬ ಭೇದಗಳು ಇಗರ್ಜಿಯ ಬಾಗಿಲೊಳಗೂ ಬಂದು ಕುಳಿತಿದ್ದವು. ಪೂಜೆಯಲ್ಲಿ ಈಗ ಅವು ಕಾಣವು. ಮದುವೆಯ ಮಾತುಕತೆಯಲ್ಲಿ ಇನ್ನೂ ತಲೆಯೆತ್ತುವುದುಂಟು, ಮತ್ತು ಇದು ನಾಚಿಕೆಯ ಸಂಗತಿಯೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ಹಬ್ಬದ ದೀಪಾಲಂಕಾರ ಸಿಡಿಮದ್ದುಗಳ ವೆಚ್ಚದಲ್ಲಿ ನೆರೆಯ ಇಗರ್ಜಿಯೊಡನೆ ಪೈಪೋಟಿ ನಡೆಸುವುದೂ ನಮಗೆ ಒಪ್ಪಿಗೆಯಲ್ಲ. ಅದೇ ಇಗರ್ಜಿಯಲ್ಲಿ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬಡವರ ಮನೆಗೆ ಅಕ್ಕಿ ಔಷಧಿ ಒದಗಿಸಲು ಡಬ್ಬಿ ಹಿಡಿದು ನಿಂತಿರುತ್ತಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಒಜಾನಾಂ ಎಂಬ ವಿದ್ಯಾರ್ಥಿಯೂ ಅವನ ಗೆಳೆಯರೂ ಆರಂಭಿಸಿದ ಸಂಘವಿದು. ಕೊಡುವವರು ಬಡವನ ಮನೆಗೆ ತಾವೇ ಹೋಗಿ ಕುಳಿತು ಮಾತಾಡಬೇಕೆಂಬುದು ಅದರ ಮುಖ್ಯ ನಿಯಮ.

ಸಮುದಾಯದ ನಿಜವಾದ ಪರೀಕ್ಷೆ ಸಾವಿನ ಮನೆಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಇಗರ್ಜಿಯ ಗಂಟೆ ಬಿಟ್ಟು ಬಿಟ್ಟು ಹೊಡೆದರೆ ಊರಿಗೆಲ್ಲ ಗೊತ್ತು. ವಾಡೆಯವರು ಕೆಲಸ ಬಿಟ್ಟು ಬರುತ್ತಾರೆ. ಹೆಂಗಸರು ಆ ಮನೆಯ ಅಡಿಗೆಮನೆಯನ್ನು ವಹಿಸಿಕೊಳ್ಳುತ್ತಾರೆ. ಸತ್ತವರ ಮನೆಯವರು ಒಲೆಯ ಚಿಂತೆ ಮಾಡಬೇಕಾಗಿಲ್ಲ. ಪೆಟ್ಟಿಗೆ, ಹೊಂಡ, ಚಪ್ಪರ, ದೂರದ ನೆಂಟರಿಗೆ ಸುದ್ದಿ, ಇವೆಲ್ಲ ಗುರ್ಕಾರನ ಹೊಣೆ. ಶವವನ್ನು ಇಗರ್ಜಿಗೆ ತಂದು, ಅದನ್ನು ಮುಂದಿಟ್ಟು ಬಲಿಪೂಜೆ ಅರ್ಪಿಸಿ, ಸ್ಮಶಾನಕ್ಕೆ ಒಯ್ಯುತ್ತಾರೆ. ಬಂದವರೆಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹಣವಿಲ್ಲದವನಿಗೂ ಇದರಲ್ಲಿ ಏನೊಂದೂ ಕಡಿಮೆಯಾಗಕೂಡದು. ತಿಂಗಳಿಗೊಂದು ಪೂಜೆ, ಮತ್ತೆ ವರ್ಷಾಂತಿಕ, ಪ್ರತಿ ನವೆಂಬರ 2ರಂದು ಸಮಾಧಿಗಳ ಹುಲ್ಲು ಕಿತ್ತು ಹೂವು ಮೇಣದಬತ್ತಿಗಳನ್ನಿಟ್ಟು ಪ್ರಾರ್ಥನೆ. ಯಾರೂ ಬಾರದ ಸಮಾಧಿಯ ಮೇಲೂ ಒಂದು ಬತ್ತಿ ಹಚ್ಚಿಡುವವರು ಇರುತ್ತಾರೆ.

ಇದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಒಂದು ಪ್ರಶ್ನೆಯನ್ನು ಕೇಳದೆ ಬಿಡಲಾಗದು. ಜಪ ಕಲಿಸುವವಳು ತಾಯಿ, ಹೂವು ಕೊಯ್ಯುವವರು ಹುಡುಗಿಯರು, ಇಗರ್ಜಿಯನ್ನು ಗುಡಿಸಿ ಅಲಂಕರಿಸುವವರು ಹೆಂಗಸರು; ಹಾಗಿದ್ದರೂ ಬಹುಕಾಲ ಅವರಿಗೆ ಬಲಿಪೀಠದ ಮೆಟ್ಟಿಲೂ ಗುರ್ಕಾರನ ಪಟ್ಟವೂ ಇರಲಿಲ್ಲ. ಬದಲಾವಣೆ ನಿಧಾನವಾಗಿ ಬಂದಿತು. ಬಿಷಪರು ಒಪ್ಪಿದಲ್ಲಿ ಹುಡುಗಿಯರೂ ಪೂಜೆಯಲ್ಲಿ ಪಾದ್ರಿಗಳಿಗೆ ಸಹಾಯಕರಾಗಿ ನಿಲ್ಲಬಹುದೆಂದು 1994ರಲ್ಲಿ ರೋಮಿನಿಂದ ತಿಳಿಸಲಾಯಿತು. ಕ್ರಿಸ್ತಸ್ವಾಮಿಯು ಶಿಷ್ಯರ ಪಾದ ತೊಳೆದುದರ ನೆನಪಿಗಾಗಿ ಪವಿತ್ರ ಗುರುವಾರ ಹನ್ನೆರಡು ಗಂಡಸರ ಪಾದ ತೊಳೆಯುವ ರೂಢಿಯಿದ್ದಲ್ಲಿ, ಹೆಂಗಸರನ್ನೂ ಸೇರಿಸಬಹುದೆಂದು ಪೋಪ್ ಫ್ರಾನ್ಸಿಸರ ಇಚ್ಛೆಯಂತೆ 2016ರ ಜನವರಿಯಲ್ಲಿ ಅಪ್ಪಣೆಯಾಯಿತು. 2021ರ ಜನವರಿಯಲ್ಲಿ ವೇದವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವೆಗಳನ್ನು ಅವರು ಸ್ತ್ರೀಯರಿಗೂ ತೆರೆದರು. ನಮ್ಮ ಕರಾವಳಿಯ ವಾಡೆಗಳಲ್ಲಿ ಹೆಂಗಸರು ಗುರ್ಕಾರರಾಗಿ ಆರಿಸಿಬರುತ್ತಿದ್ದಾರೆ. ಪಾದ್ರಿಪಟ್ಟವು ಪುರುಷರಿಗೆ ಮಾತ್ರವೆಂಬುದು ಸಭೆಯ ಬೋಧೆಯಾಗಿಯೇ ಉಳಿದಿದೆ. ಇನ್ನೊಂದು ಮಾತು: ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕುಳಿತವರಿಗೆ, ಗಂಡಸರಾಗಲಿ ಹೆಂಗಸರಾಗಲಿ, ಕಾನೂನಿನ ಪ್ರಕಾರ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಸಲಹೆಯನ್ನು ಕೇಳುವ ಪಾದ್ರಿಗಳಿದ್ದಲ್ಲಿ ಅದು ಸಾಕು, ಕೇಳದವರಿದ್ದಲ್ಲಿ ಸಾಲದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಚಿಂತೆ ಉಳಿಯುತ್ತದೆ. ಮನೆಗಳಿವೆ, ಮನೆಯೊಳಗೆ ಮಂದಿ ಕಡಿಮೆ. ದುಡಿಯುವ ವಯಸ್ಸಿನವರು ಹೊರದೇಶಗಳಲ್ಲಿದ್ದಾರೆ. ಹೊಸದಾಗಿ ಕಟ್ಟಿದ ದೊಡ್ಡ ಮನೆಗಳಿಗೆ ವರ್ಷದ ಹೆಚ್ಚು ಕಾಲ ಬೀಗ, ಇಲ್ಲವೆ ಮುದುಕರಿಬ್ಬರು. ಗದ್ದೆಗಳು ತೋಟವಾದ, ಪಾಳು ಬಿದ್ದ ಊರುಗಳಲ್ಲಿ ಹಬ್ಬದ ತೆನೆಯನ್ನೇ ಬೇರೆ ಕಡೆಯಿಂದ ತರಬೇಕಾಗಿದೆ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದ ನಿಮಿತ್ತ ಇಗರ್ಜಿಗಳೆಲ್ಲ ಮುಚ್ಚಿದಾಗ, ಆ ವರ್ಷದ ಏಪ್ರಿಲ್ 12ರ ಪಾಸ್ಕ ಹಬ್ಬದ ಪೂಜೆಯನ್ನು ಜನರು ಫೋನಿನ ಪರದೆಯಲ್ಲಿ ನೋಡಿದರು. ಪೂಜೆ ಕಂಡಿತು, ಪ್ರಸಂಗ ಕೇಳಿತು. ಪರಮ ಪ್ರಸಾದ ಮಾತ್ರ ಪರದೆಯಿಂದ ಕೈಗೆ ಬರಲಿಲ್ಲ. ಶವಸಂಸ್ಕಾರಕ್ಕೆ ಕೆಲವೇ ಮಂದಿ ನಿಲ್ಲಬಹುದಾಗಿದ್ದ ಆ ದಿನಗಳಲ್ಲಿ, ವಾಡೆಯವರು ಮಣ್ಣು ಹಾಕಲು ಬಾರದಿದ್ದುದನ್ನು ಕೆಲವು ಮನೆಗಳವರು ಸಾವಿಗಿಂತ ಹೆಚ್ಚಾಗಿ ನೆನೆದು ಅಳುತ್ತಾರೆ. ದೂರದೇಶದಲ್ಲಿದ್ದು ಪ್ರತಿ ಆದಿತ್ಯವಾರ ಪರದೆಯಲ್ಲಿಯೇ ಹುಟ್ಟೂರಿನ ಪೂಜೆ ನೋಡುವವರನ್ನು ಫಿರ್ಗಜಿನವರೆಂದು ಎಣಿಸಬೇಕೋ ಬೇಡವೋ ಎಂಬುದನ್ನು ಈಗಿನ ಹುಡುಗಿಯರೇ ಮುಂದೆ ತೀರ್ಮಾನಿಸಬೇಕಾದೀತು.

ಕಡೆಯದಾಗಿ, ಅನ್ಯಮತದ ಗೆಳತಿಯರು ಆಗಾಗ ಕೇಳುವ ವಿಷಯ. ಕಥೋಲಿಕರ ಮದುವೆಗೋ ಹಬ್ಬದ ಪೂಜೆಗೋ ಕರೆ ಬಂದರೆ ಸಂಕೋಚವಿಲ್ಲದೆ ಬರಬಹುದು. ಯಾವ ಬೆಂಚಿನಲ್ಲಿಯಾದರೂ ಕೂರಬಹುದು. ಎಲ್ಲರೂ ಎದ್ದಾಗ ಎದ್ದರೆ ಸಾಕು, ಮೊಣಕಾಲೂರಬೇಕೆಂದಿಲ್ಲ. ಪರಮ ಪ್ರಸಾದಕ್ಕೆ ಸಾಲು ನಿಂತಾಗ ತಮ್ಮ ಸ್ಥಳದಲ್ಲಿಯೇ ಇರತಕ್ಕದ್ದು. ಅದು ಕಥೋಲಿಕ ವಿಶ್ವಾಸವುಳ್ಳವರಿಗೆ ಮಾತ್ರ ಸಲ್ಲುವಂಥದು, ಅದರಲ್ಲಿ ಯಾರಿಗೂ ಅವಮಾನವಿಲ್ಲ. ಸಾವಿನ ಮನೆಗೆ ಕರೆಯ ಅಗತ್ಯವೇ ಇಲ್ಲ. ಹೂವು ತಂದರೆ ಸಂತೋಷ, ತಾರದಿದ್ದರೂ ಬಾಧಕವಿಲ್ಲ. ಸೆಪ್ಟೆಂಬರ 8ರಂದು ಊಟಕ್ಕೆ ಕರೆದರೆ ಮಾತ್ರ ಬೆಳಗಿನ ತಿಂಡಿಯನ್ನು ಕಡಿಮೆ ಮಾಡಿಕೊಂಡು ಬರುವುದು ಒಳ್ಳೆಯದು, ಏಕೆಂದರೆ ಏಳು ಬಗೆಯ ಪದಾರ್ಥಗಳಲ್ಲಿ ಒಂದನ್ನೂ ಬಿಡಲು ಅಜ್ಜಿಯಂದಿರು ಒಪ್ಪುವುದಿಲ್ಲ.